ಪೂಂಡಿ ದಾರಿಯಲ್ಲಿ ಕೂರದ ಹುಡುಗ

ಮಧುಸೂದನನಿಗೆ ಎಲ್ಲರ ಹಾಗೆ ಎರಡೇ ಕಾಲು. ಆದರೆ ಎರಡೂ ಅವನ ಮಾತು ಕೇಳುತ್ತಿರಲಿಲ್ಲ. ನಿಂತರೆ ತೊಂದರೆಯಿಲ್ಲ, ನಡೆದರಂತೂ ಸುಖ. ಕೂತನೆಂದರೆ ಮಾತ್ರ ಬಲಗಾಲು ಹೊಲಿಗೆ ಯಂತ್ರ ತುಳಿಯುವವರ ಕಾಲಿನಂತೆ ತನ್ನಷ್ಟಕ್ಕೆ ಶುರುವಾಗುತ್ತಿತ್ತು. ಮೌಂಟ್ ರೋಡಿನ ವಿಮಾ ಕಚೇರಿಯಲ್ಲಿ ಅವನೆದುರು ಕೂರುತ್ತಿದ್ದ ರಾಮದಾಸ ದಿನಕ್ಕೊಮ್ಮೆಯಾದರೂ, "ರೀ, ಸ್ವಲ್ಪ ಬ್ರೇಕ್ ಹಾಕ್ರೀ. ನನ್ನ ಸೈನು ಕಾಗೆ ಕಾಲಾಗ್ತಿದೆ," ಎನ್ನುತ್ತಿದ್ದ.

ಕುಣಿಗಲ್‌ನಿಂದ ಮದ್ರಾಸಿಗೆ ಬಂದಾಗ ತ್ರಿಪ್ಲಿಕೇನ್‌ನ ಒಂದು ಮ್ಯಾನ್ಶನ್‌ನಲ್ಲಿ ಬೇರೆ ಒಂಟಿ ಗಂಡಸರ ಹಾಗೆ ಬಾಡಿಗೆಗೆ ರೂಮು ಹಿಡಿದಿದ್ದ. ಮೇಲೆ ಯಾರೋ ರಾತ್ರಿಯೆಲ್ಲ ಖಾರ ಕುಟ್ಟುತ್ತಾರೆಂದು ಕೆಳಗಿನ ರೂಮಿನವನು ದೂರು ಕೊಟ್ಟ ಮೇಲೆ ಇನ್ನೊಂದು ಮ್ಯಾನ್ಶನ್ ನೋಡಿಕೊಂಡ. ಅಲ್ಲಿಂದ ಮತ್ತೊಂದು. ಸಂಜೆಯಾದರೆ ಮರೀನಾದಲ್ಲಿ ದೀಪಸ್ತಂಭದವರೆಗೆ ನಡೆದು ವಾಪಸ್ಸು ಬರುತ್ತಿದ್ದ. ನೋಡಿದವರಿಗೆ ಏನೋ ದೊಡ್ಡ ಯೋಚನೆಯಲ್ಲಿರುವ ಮನುಷ್ಯನೆನಿಸಬೇಕು. ಯೋಚನೆ ಏನೂ ಇರುತ್ತಿರಲಿಲ್ಲ. ರೂಮಿಗೆ ಹೋದರೆ ಕೂರಬೇಕಲ್ಲ ಎಂಬುದಷ್ಟೇ.

ಇದೆಲ್ಲ ನಗುವ ವಿಷಯವಾಗಿ ಉಳಿದದ್ದು ಹೆಣ್ಣು ನೋಡಲು ಶುರು ಮಾಡುವವರೆಗೆ. ಅಡ್ಯಾರಿನ ಒಂದು ಮನೆಯಲ್ಲಿ ಅವನ ಮೊಣಕಾಲು ಟೀಪಾಯಿಗೆ ತಾಗಿ, ಲೋಟದ ಕಾಫಿಯೆಲ್ಲ ತಾನಾಗಿ ಬಟ್ಟಲಿಗಿಳಿಯಿತು. ಹುಡುಗಿಯ ಅಜ್ಜಿ ಮೂಲೆಯಿಂದ, "ಕೂತಲ್ಲಿ ಕಾಲಾಡಿಸೋರ ಮನೇಲಿ ಲಕ್ಷ್ಮಿ ನಿಲ್ಲಲ್ಲ," ಎಂದರು. ಮೊದಲೇ ಕೂಡಿಬಂದಿದ್ದ ಜಾತಕ ಮಾರನೆಯ ವಾರ ಕೂಡಿಬರಲಿಲ್ಲವಂತೆ. ಆಮೇಲೆ ಇನ್ನೆರಡು ಮನೆಗಳಲ್ಲೂ ಜಾತಕಗಳು ಹೀಗೇ ಮನಸ್ಸು ಬದಲಾಯಿಸಿದವು.

ಅಣ್ಣಾ ನಗರದಲ್ಲಿದ್ದ ಅವನ ಚಿಕ್ಕಮ್ಮ ಸಾಕಮ್ಮ ಸೋಲುವ ಹೆಂಗಸಲ್ಲ. 2002ರ ಫೆಬ್ರವರಿಯಲ್ಲಿ ಅವನನ್ನು ಕರೆಸಿ ಉಪಾಯ ಹೇಳಿದಳು. ವಿಲ್ಲಿವಾಕ್ಕಂನಲ್ಲಿ ಭೋಜರಾಜ ಅಂತ ರಿಟೈರಾದ ರೈಲ್ವೆ ಗಾರ್ಡು. ಮಗಳು ಕೃತಿ, ಸ್ಕೂಲಲ್ಲಿ ಲೆಕ್ಕದ ಟೀಚರು. ಅಪ್ಪ ಕನ್ನಡದವರನ್ನೆಲ್ಲ ಕೂಡಿಸಿಕೊಂಡು ತಿಂಗಳಿಗೊಂದು ಭಾನುವಾರ ಊರಾಚೆ ನಡಿಗೆಗೆ ಕರೆದೊಯ್ಯುತ್ತಾರೆ. ಹೆಣ್ಣಿನ ಮನೆಯವರೆಲ್ಲ ಬರುತ್ತಾರೆ.

"ಉಪ್ಪಿಟ್ಟು ಇಲ್ಲ, ಕುರ್ಚಿ ಇಲ್ಲ, ಟೀಪಾಯಿ ಇಲ್ಲ," ಎಂದಳು ಚಿಕ್ಕಮ್ಮ. "ಬೆಳಗಿಂದ ಸಂಜೆವರೆಗೆ ನಡಿಯೋದೇ. ನಿನ್ ಕಾಲಿನ ಬಂಡವಾಳ ಯಾರಿಗೆ ಗೊತ್ತಾಗತ್ತೆ?"

"ಆಮೇಲೆ ಗೊತ್ತಾದ್ರೆ?"

"ಆಮೇಲೆ ತಾಳಿ ಕಟ್ಟಿರ್ತೀಯಲ್ಲೋ!"

ಭೋಜರಾಜರನ್ನು ಮಧುಸೂದನ ಕಂಡದ್ದು ತಿರುವಳ್ಳೂರು ಸ್ಟೇಷನ್ನಿನಲ್ಲಿ. ಕುತ್ತಿಗೆಗೆ ಗಾರ್ಡಿನ ಸೀಟಿ, ಕೈಯಲ್ಲಿ ಛತ್ರಿ, ಹಿಂದೆ ಹೆಂಡತಿ, ಮಗಳು, ಇನ್ನೂ ಹತ್ತು ಹನ್ನೆರಡು ಮಂದಿ. ಹೆಚ್ಚಿನವರು ಬ್ಯಾಂಕು, ರೈಲ್ವೆಯಿಂದ ರಿಟೈರಾದವರು. ಭೋಜರಾಜರು ಇವನ ಹೊಳೆಯುವ ಹೊಸ ಬೂಟನ್ನು ನೋಡಿ, "ಮದುವೆ ಮನೆಗೆ ಹೊರಟ ಹಾಗಿದೆ," ಎಂದರು. ಬೂಟು ಜೊತೆಗೆ ಬಂದಿದ್ದ ಚಿಕ್ಕಮ್ಮನ ಆಯ್ಕೆ. ಮರೀನಾದ ಮರಳಲ್ಲಿ ಬರಿಗಾಲಲ್ಲಿ ಪಳಗಿದ ಪಾದಗಳು ಪೂಂಡಿಗೆ ಹೋಗುವ ಬಸ್ಸಿನಲ್ಲೇ ಗೊಣಗತೊಡಗಿದ್ದವು. ಬಸ್ಸಿನಲ್ಲಿ ಅವನು ಕಂಬಿ ಹಿಡಿದು ನಿಂತೇ ಬಂದ. ಕೃತಿಯ ತಾಯಿ ಶಾರದಮ್ಮ ಅದನ್ನು ಗಮನಿಸಿ, "ಪಾಪ, ಹಿರಿಯರಿಗೆ ಸೀಟು ಬಿಟ್ಟುಕೊಟ್ಟ," ಎಂದು ಸಾಕಮ್ಮನಿಗೆ ಹೇಳಿದರು. ಮೊದಲ ಮಾರ್ಕು ಬಿತ್ತು.

ಪೂಂಡಿಯ ದೊಡ್ಡ ಜಲಾಶಯದ ಏರಿ ಇಳಿದರೆ ಕೊಸಸ್ತಲೆಯಾರು ನದಿ. ನದಿ ಎನ್ನುವುದಕ್ಕಿಂತ ಅಗಲವಾದ ಮರಳು, ನಡುವೆ ಮರೆತು ಬಿಟ್ಟು ಹೋದ ಹಾಗೆ ಒಂದಿಷ್ಟು ನೀರು. ದಂಡೆಯುದ್ದಕ್ಕೂ ಎತ್ತಿನ ಗಾಡಿಯ ದಾರಿ, ಮಾವಿನ ತೋಪು, ಕಡಲೆಕಾಯಿ ಹೊಲ. ಆಚೆ ಕೆಂಪು ಮಣ್ಣಿನ ಕುರುಚಲು ಕಾಡು. ಏರು ಇಲ್ಲ, ಇಳಿಜಾರಿಲ್ಲ. ಮಧುಸೂದನನ ಎದೆ ಹಗುರಾಯಿತು. ಬೆಂಗಳೂರಿನವರೆಗೆ ಹೀಗೇ ನಡೆಯಿರಿ ಎಂದರೂ ನಡೆದಾನು.

ಮೊದಲ ಹುಣಸೆ ಮರ ಬಂತು. ಭೋಜರಾಜ ಸೀಟಿ ಊದಿದರು.

"ಎಲ್ಲಾರೂ ಕೂತ್ಕೊಳ್ಳಿ!"

ಚಿಕ್ಕಮ್ಮನ ಲೆಕ್ಕ ತಪ್ಪಿದ್ದು ಇಲ್ಲಿ. ಇದು ಸುಲಭದ ನಡಿಗೆ. ಮೊಣಕಾಲು ನೋವಿನವರು, ಬಿಪಿಯವರು ಇದ್ದರು. ಅವರ ಹೊಣೆ ಹೊತ್ತ ಗಾರ್ಡು ಪ್ಯಾಸೆಂಜರ್ ಗಾಡಿಯ ಹಾಗೆ ಪ್ರತಿ ಮರಕ್ಕೂ ನಿಲ್ಲಿಸುತ್ತಿದ್ದರು. ನಡಿಗೆಗಿಂತ ಕೂರುವುದೇ ಹೆಚ್ಚು.

ಎಲ್ಲರೂ ಜಮಖಾನ ಹಾಸಿ ಕೂತರು. ಮಧುಸೂದನ, "ನೀರು ತರ್ತೀನಿ," ಎಂದು ಓಡಿದ. ಮುಂದಿನ ಮರದಲ್ಲಿ ಹುಣಸೆಕಾಯಿ ಉದುರಿಸಿದ. ಅದರ ಮುಂದಿನದರಲ್ಲಿ ಯಾರೂ ಕೇಳದಿದ್ದರೂ ದಾರಿ ಸರಿಯಿದೆಯೇ ಎಂದು ನೋಡಿ ಬಂದ. ಭೋಜರಾಜರು ಮೂರು ವರ್ಷದಿಂದ ನಡೆದ ದಾರಿ ಅದು. ಬೂಟು ಹಿಮ್ಮಡಿ ಕಿತ್ತಿತ್ತು. ಕಾಡಿನ ಅಂಚಿಗೆ ಬರುವಷ್ಟರಲ್ಲಿ ಅವನು ಕುಂಟುತ್ತಿದ್ದ, ಆದರೆ ಕೂರುತ್ತಿರಲಿಲ್ಲ.

"ಎಂಥ ಚುರುಕು ಹುಡುಗ!" ಎಂದರು ಶಾರದಮ್ಮ.

"ಒಂದು ಗಳಿಗೆ ಸುಮ್ಮನಿರಲ್ಲ ನಮ್ಮ ಮಧು," ಎಂದಳು ಚಿಕ್ಕಮ್ಮ, ದೇವರಾಣೆಗೂ ನಿಜವನ್ನೇ ಹೇಳುತ್ತಾ.

ಭೋಜರಾಜ ಮತ್ತೆ ಸೀಟಿ ಊದಿದಾಗ ಹಳ್ಳಿಯ ಕಡೆಯಿಂದ ನಾಯಿಗಳು ಬೊಗಳುತ್ತ ಬಂದವು. "ಅಪ್ಪಾ, ಪೋದುಂ ವಿಸಿಲ್! ಊರು ನಾಯೆಲ್ಲಾಂ ವರುದು," ಎಂದು ಕೃತಿ ರೇಗಿದಳು, ಸೀಟಿ ಸಾಕು, ಊರ ನಾಯಿಗಳೆಲ್ಲ ಬರ್ತಿವೆ ಅಂತ. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಲ್ಲಿ ಉತ್ತರ ಕೊಡುವವಳು. ಗಾರ್ಡು ತಕ್ಷಣ ಸೀಟಿಯನ್ನು ಅಂಗಿಯೊಳಗೆ ಬಿಟ್ಟುಕೊಂಡರು. ಕೂರಿಸುವ ಸೀಟಿಯನ್ನೇ ನಿಲ್ಲಿಸಿದವಳನ್ನು ಕಂಡು ಮಧುಸೂದನನಿಗೆ ಆ ಗಳಿಗೆಯಲ್ಲೇ ಈ ಸಂಬಂಧ ಬೇಕೆನಿಸಿತು. ಅದುವರೆಗೆ ಚಿಕ್ಕಮ್ಮನಿಗಾಗಿ ಕುಂಟುತ್ತಿದ್ದವನು ಈಗ ತನಗಾಗಿ ಹೆದರತೊಡಗಿದ.

ಊಟಕ್ಕೆ ಕಾಡಿನೊಳಗೆ ಒಂದು ಬಂಡೆ. ಪುಳಿಯೋಗರೆ, ಮೊಸರನ್ನ. ಇವನು ಸೌಟು ಕಸಿದುಕೊಂಡು ಎಲ್ಲರಿಗೂ ಬಡಿಸಿ, ಕೊನೆಗೆ ಎಲೆ ಕೈಯಲ್ಲಿ ಹಿಡಿದು ನಿಂತೇ ತಿಂದ. ಕೃತಿ ಎದ್ದು ಅವನ ಪಕ್ಕಕ್ಕೆ ಬಂದಳು.

"ನೀಂಗ ಉಕ್ಕಾರವೇ ಮಾಟ್ಟೀಂಗಳಾ?" ನೀವು ಕೂರುವುದೇ ಇಲ್ಲವೇ ಎಂದು.

"ಕೂತ್ರೆ... ಪ್ಯಾಂಟು ಕೊಳೆಯಾಗತ್ತೆ."

ಅವಳು ಅವನ ಪ್ಯಾಂಟು ನೋಡಿದಳು. ಮೊಣಕಾಲಿನ ತನಕ ಕೆಂಪು ಮಣ್ಣು, ಅದರ ಮೇಲೆ ಮುಳ್ಳು, ಅದರ ಮೇಲೆ ಹುಣಸೆಯ ಅಂಟು. "ಸರಿ," ಎಂದು ಹೋದಳು. ಆ ಒಂದು 'ಸರಿ' ಅವನ ಹೊಟ್ಟೆಯಲ್ಲಿ ಮೊಸರನ್ನದ ಜೊತೆ ಇಳಿಯದೆ ಕೂತಿತು. ಹೊಟ್ಟೆಯೊಳಗಾದರೂ ಏನೋ ಒಂದು ಕೂತಿತಲ್ಲ.

ಸಂಜೆ ತಿರುವಳ್ಳೂರಿನಲ್ಲಿ ಲೋಕಲ್ ಖಾಲಿಯಾಗಿಯೇ ಬಂತು. ನಿಲ್ಲಲು ಯಾವ ನೆವವೂ ಇಲ್ಲದಷ್ಟು ಖಾಲಿ. ಹಿಮ್ಮಡಿಯಲ್ಲಿ ರಕ್ತ. ಶಾರದಮ್ಮ, "ಬಾಪ್ಪಾ, ಬೆಳಗಿಂದ ದುಡಿದಿದ್ದೀಯ," ಎಂದು ಕೈಹಿಡಿದು ತಮ್ಮೆದುರಿಗೇ ಕೂರಿಸಿ, ಖಾಲಿ ಟಿಫಿನ್ ಕ್ಯಾರಿಯರನ್ನು ಅವನ ತೊಡೆಯ ಮೇಲಿಟ್ಟರು.

ಗಾಡಿ ಓಡುತ್ತಿದ್ದಷ್ಟು ಹೊತ್ತು ಎಲ್ಲ ಸರಿಯಿತ್ತು. ಗಾಡಿಯೂ ಅಲ್ಲಾಡುತ್ತಿತ್ತು, ಅವನೂ ಅಲ್ಲಾಡುತ್ತಿದ್ದ. ಆವಡಿಗೆ ಮೊದಲು ಸಿಗ್ನಲ್ ಸಿಗದೆ ಗಾಡಿ ನಿಂತಿತು. ಕ್ಯಾರಿಯರಿನೊಳಗೆ ಸ್ಟೀಲಿನ ಚಮಚವೊಂದು ಉಳಿದಿತ್ತು.

ಕಟಕಟಕಟ.

"ಗಾಡಿ ನಿಂತಿದೆ ಅಲ್ವೇನ್ರಿ?" ಎಂದು ಶಾರದಮ್ಮ ಗಂಡನನ್ನು ಕೇಳಿದರು.

"ನಿಂತಿದೆ."

"ಮತ್ತೆ ಇದೇನು ಸದ್ದು?"

ಎಲ್ಲರ ಕಣ್ಣೂ ಕ್ಯಾರಿಯರಿಗೆ ಬಂದವು, ಅಲ್ಲಿಂದ ಮೊಣಕಾಲಿಗೆ, ಅಲ್ಲಿಂದ ಬೂಟಿಗೆ ಇಳಿದವು. ಚಿಕ್ಕಮ್ಮ ಕಿಟಕಿಯಾಚೆ ಇಲ್ಲದ ಕೊಕ್ಕರೆಯನ್ನು ತೋರಿಸಿದಳು. ಯಾರೂ ನೋಡಲಿಲ್ಲ.

"ನನ್ನ ಕಾಲಮ್ಮಾ," ಎಂದ ಮಧುಸೂದನ. "ಕೂತ್ರೆ ನಿಲ್ಲಲ್ಲ. ಚಿಕ್ಕವನಿದ್ದಾಗಿಂದ ಹೀಗೇ. ಬೆಳಗಿಂದ ನಾನು ಯಾರಿಗೂ ಸಹಾಯ ಮಾಡ್ಲಿಲ್ಲ. ಕೂರೋದು ತಪ್ಪಿಸ್ಕೊಂಡೆ."

ಶಾರದಮ್ಮ ಸೆರಗು ಸರಿಮಾಡಿಕೊಂಡರು. "ಹಾಗೆ ಕಾಲಾಡಿಸಿದ್ರೆ ಮನೆಗೆ ಆಗಲ್ಲ ಅಂತಾರಪ್ಪಾ."

"ಮೂವತ್ತು ವರ್ಷ ಅಲ್ಲಾಡೋ ಗಾಡೀಲೇ ಕೂತಿದ್ದೋನು ನಾನು," ಎಂದರು ಭೋಜರಾಜ. "ನಮ್ಮನೆ ಲಕ್ಷ್ಮಿ ಎಲ್ಲಿಗೆ ಹೋದ್ಲು?"

"ನೀವು ಮನೇಲಿದ್ದಿದ್ರೆ ತಾನೆ ಗೊತ್ತಾಗೋದು!"

ಕೃತಿ ಮುಂದೆ ಬಗ್ಗಿ ಕ್ಯಾರಿಯರಿನ ಮುಚ್ಚಳ ತೆಗೆದು, ಚಮಚ ಎತ್ತಿ, ಕರ್ಚೀಫಿನಲ್ಲಿ ಒರೆಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಸದ್ದು ನಿಂತಿತು. ಕಾಲು ನಿಲ್ಲಲಿಲ್ಲ.

"ಎನ್ ಕ್ಲಾಸ್‌ಲ ಇಪ್ಪಡಿ ಪತ್ತು ಪಸಂಗ ಇರುಕ್ಕಾಂಗಮ್ಮಾ," ಎಂದಳು ತಾಯಿಗೆ, ತನ್ನ ಕ್ಲಾಸಿನಲ್ಲೇ ಇಂಥ ಹತ್ತು ಹುಡುಗರಿದ್ದಾರೆಂದು. ಆಮೇಲೆ ಇವನ ಕಡೆ ತಿರುಗಿ, ಅಪರೂಪದ ತನ್ನ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ, "ಪ್ಯಾಂಟ್ ಕೊಳೆ ಅಂತ ಸುಳ್ಳು ಹೇಳಿದ್ರಿ. ಅದು ಮಾತ್ರ ಬೇಡ," ಎಂದಳು.

ಗಾಡಿ ಹೊರಟಿತು. ವಿಲ್ಲಿವಾಕ್ಕಂ ಬರುವವರೆಗೆ ಶಾರದಮ್ಮ ಮಧುಸೂದನನ ಬೂಟನ್ನೇ ನೋಡುತ್ತಿದ್ದರು. ಅವರೆಲ್ಲ ಇಳಿದರು, ಚಿಕ್ಕಮ್ಮನೂ ಇಳಿದಳು. ಮಧುಸೂದನ ಸೆಂಟ್ರಲ್ ತನಕ ಹೋಗಬೇಕಾದವನು. ಎದ್ದು ಕೈಮುಗಿಯಲು ಹೋದರೆ ಕೈಯಲ್ಲಿ ಕ್ಯಾರಿಯರು. ಕೊಟ್ಟುಬರೋಣವೆಂದು ಇಳಿದ. ಕೊಡುವಷ್ಟರಲ್ಲಿ ಗಾಡಿ ಹೋಯಿತು.

ಪ್ಲಾಟ್‌ಫಾರಂ ಮೇಲೆ ಅವನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತ. ಶಾರದಮ್ಮ ಅವನನ್ನೂ, ಹೋದ ಗಾಡಿಯನ್ನೂ, ಕೊನೆಗೆ ಮಗಳ ಮುಖವನ್ನೂ ನೋಡಿದರು.

"ಮನೆ ಇಲ್ಲೇ. ಬಾ, ಹಿಮ್ಮಡಿಗೆ ಅರಿಶಿನ ಹಾಕ್ತೀನಿ," ಎಂದು ಕ್ಯಾರಿಯರು ತೆಗೆದುಕೊಂಡರು. ನಾಲ್ಕು ಹೆಜ್ಜೆ ನಡೆದು ತಿರುಗಿದರು. "ಕಾಫಿ ಮಾತ್ರ ನಿಂತ್ಕೊಂಡೇ ಕುಡೀಬೇಕು, ತಿಳೀತಾ? ಟೀಪಾಯಿ ಹೊಸದು."

ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅವರ ಹಿಂದೆ ಕುಂಟಿದ.