ಸ್ಕ್ರೂ ಕಪ್ಪು ಬಳಿದ ಹೆಸರುಗಳು

ನಮ್ಮ ಬೀದಿಯಲ್ಲಿ ಹೆಸರು ಹಿಡಿದು ಹುಡುಕಿದವರಿಗೆ ಯಾರೂ ಸಿಕ್ಕಿದ್ದಿಲ್ಲ. ಒಮ್ಮೆ ಅಂಚೆಯವನು ಲಕೋಟೆ ಹಿಡಿದು ಆ ತುದಿಯಿಂದ ಈ ತುದಿಗೆ ಕೇಳಿಕೊಂಡು ಬಂದ. ಅಂಥವರು ಇಲ್ಲಿಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ನನ್ನನ್ನೂ ಕೇಳಿದ, ನಾನೂ ಇಲ್ಲವೆಂದೆ. ಅವನು ತಿರುವು ದಾಟಿದ ಮೇಲೆ ಅದು ನನ್ನದೇ ಹೆಸರು ಎಂದು ಹೊಳೆಯಿತು. ನಮ್ಮ ಮನೆಯವಳು ಇದನ್ನು ಬುರುಡೆ ಎನ್ನುತ್ತಾಳೆ. ಮದುವೆಯಾದಾಗಿನಿಂದ ನನ್ನನ್ನು ‘ರೀ’ ಎಂದಲ್ಲದೆ ಇನ್ನೇನೂ ಕರೆಯದವಳು, ಅವಳಿಗಾದರೂ ಆ ಹೆಸರು ನೆನಪಿದೆಯೋ ಇಲ್ಲವೋ.

ಇಲ್ಲಿ ಕಸುಬೇ ಹೆಸರು, ಇಲ್ಲದಿದ್ದರೆ ಅಡ್ಡಹೆಸರು. ನನ್ನ ತಂಗಿಯ ಮಗ ಸ್ಕ್ರೂ ಆದದ್ದು ಹಾಗೆಯೇ. ಇನ್ನೂ ಹಲ್ಲು ಬೀಳುವ ವಯಸ್ಸಿನಲ್ಲಿ ಮನೆಯ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದ. ಕೊನೆಗೆ ಒಂದು ಸ್ಕ್ರೂ ಕೈಯಲ್ಲೇ ಉಳಿಯಿತು. ಅಂದಿನಿಂದ ಆ ರೇಡಿಯೋ ನಾಳೆಯ ಸುದ್ದಿಯನ್ನು ಇವತ್ತೇ ಹೇಳತೊಡಗಿತು. ಕೆಟ್ಟ ಸುದ್ದಿಯನ್ನು ಎರಡೆರಡು ದಿನ ಅನುಭವಿಸುವುದು ಯಾರಿಗೆ ಬೇಕು ಎಂದು ನನ್ನ ತಂಗಿ ಅದನ್ನು ಗುಜರಿಗೆ ಹಾಕಿದಳು.

ಈಗ ಅವನದು ಫೋನು, ಕಂಪ್ಯೂಟರು ರಿಪೇರಿ ಮಾಡುವ ಅಂಗಡಿ. ಎದುರುಬದುರು ನಿಂತರೆ ಇಬ್ಬರ ಹೊಟ್ಟೆ ತಾಗುವಷ್ಟು ಜಾಗ, ಸದಾ ಬೆಸುಗೆಯ ಹೊಗೆಯ ವಾಸನೆ, ಗೋಡೆಯ ತುಂಬ ಮೊಳೆಗೆ ನೇತುಬಿದ್ದ ವೈರುಗಳು. ಏನು ಒಯ್ದು ಕೊಟ್ಟರೂ ‘ನನಗೆ ಬರಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದಿಲ್ಲ. ಒಬ್ಬ ಮುದುಕ ಮುರಿದ ಹಲ್ಲುಸೆಟ್ಟನ್ನೇ ತಂದಿಟ್ಟ. ಸಂಜೆಗೆ ರೆಡಿ. ಆಮೇಲೆ ಆ ಮುದುಕ ಮಾತಾಡಿದರೆ ಸೀಟಿ ಹೊಡೆದಂತಾಗುತ್ತಿತ್ತು ನಿಜ, ಆದರೆ ಅದೇ ಹಲ್ಲಿನಲ್ಲಿ ಸೋಡಾ ಬಾಟಲಿಯ ಮುಚ್ಚಳ ಕೀಳುತ್ತಿದ್ದ.

ಅವನ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ, ನಲ್ಲಿಯ ಮೂಲೆಯಲ್ಲಿ, ಇಸ್ತ್ರಿ ಅಕ್ಕನ ಅಂಗಡಿ. ಅವಳು ಒತ್ತಿಕೊಟ್ಟ ಷರ್ಟಿನ ಮಡಿಕೆಯ ಅಂಚಿನಿಂದ ನಾನು ಬ್ರೆಡ್ಡು ಕೊಯ್ದಿದ್ದೇನೆ. ಬಟ್ಟೆಯ ಜೇಬಿನಲ್ಲಿ ಸಿಕ್ಕ ಕೀಲಿಕೈ, ಪ್ರೇಮಪತ್ರ, ಡಾಕ್ಟರ ಚೀಟಿ ಎಲ್ಲವನ್ನೂ ಒಂದು ಬಿಸ್ಕತ್ತು ಡಬ್ಬಿಯಲ್ಲಿಟ್ಟು, ಬಟ್ಟೆ ಒಯ್ಯಲು ಬಂದವರ ಕೈಗೆ ಮಾತಿಲ್ಲದೆ ಕೊಡುತ್ತಿದ್ದಳು. ಏನು ಸಿಕ್ಕಿತೆಂದು ಅವಳು ಹೇಳಿದವಳಲ್ಲ, ಯಾರೂ ಕೇಳಿದವರಲ್ಲ.

ಇನ್ನು ಬನ್ನು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಹುಡುಗ, ಸ್ಕ್ರೂವಿನ ಗೆಳೆಯ. ಯಾರದೋ ಫೋನು ಕಳುವಾಯಿತೆಂದು ಪೊಲೀಸರು ಅವನನ್ನು ಠಾಣೆಗೆ ಒಯ್ದರು. ಹೋದವನು ನಡೆದುಕೊಂಡೇ ಹೋದ. ವಾಪಸು ಬಂದಾಗ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಫೋನು ಆಮೇಲೆ ಕಳೆದುಕೊಂಡವನ ಸೋಫಾದ ಸಂದಿಯಲ್ಲೇ ಸಿಕ್ಕಿತು.

ಠಾಣೆಯ ಕಂಪ್ಯೂಟರುಗಳು ಕೆಟ್ಟರೆ ಕರೆ ಬರುತ್ತಿದ್ದದ್ದು ಸ್ಕ್ರೂವಿಗೇ. ಒಂದು ದಿನ ಹೀಗೆ ರಿಪೇರಿಗೆ ಕೂತಾಗ ತೆರೆಯ ಮೇಲೆ ಬನ್ನುವಿನ ದಾಖಲೆ ಕಣ್ಣಿಗೆ ಬಿತ್ತು. ‘ಠಾಣೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಗಾಯ’ ಎಂದು ಬರೆದಿತ್ತು. ಆ ಠಾಣೆಗೆ ಹೊಸ್ತಿಲು ಬಿಟ್ಟರೆ ಒಂದು ಮೆಟ್ಟಿಲೂ ಇಲ್ಲ.

ಸ್ಕ್ರೂವಿಗೆ ಕಂಪ್ಯೂಟರಿನಲ್ಲೇ ಪರಿಚಯವಾದ, ಮುಖ ನೋಡಿರದ ಒಂದಷ್ಟು ಗೆಳೆಯರಿದ್ದರು. ಬೀಗ ಹಾಕಿದ ದಾಖಲೆಗಳನ್ನು ಕದ್ದು ಜನರ ಮುಂದೆ ಸುರಿಯುವುದು ಅವರ ಕೆಲಸ. ಅದು ನ್ಯಾಯ ಎಂದು ಅವರು ನಂಬಿದ್ದರು, ಇವನೂ ನಂಬಿದ. ಠಾಣೆಯ ಪಾಸ್‌ವರ್ಡನ್ನು ಯಾರೋ ಪುಣ್ಯಾತ್ಮ ಚೀಟಿಯಲ್ಲಿ ಬರೆದು ಕಂಪ್ಯೂಟರಿಗೇ ಅಂಟಿಸಿದ್ದ. ಇವನು ಅದನ್ನು ದಾಟಿಸಿದ. ಅವರು ಠಾಣೆಯನ್ನೇ ಬರಿದು ಮಾಡಿದರು. ದೂರು, ಹೇಳಿಕೆ, ಗುಟ್ಟಾಗಿ ಬಂದು ಹೇಳಿಹೋದವರ ಮಾತು, ಎಲ್ಲ.

ಹೊರಗೆ ಬಿಡುವ ಮೊದಲು ದೂರು ಕೊಟ್ಟವರ ಹೆಸರು ಕಾಣದಂತೆ ಮಾಡಬೇಕು ಎಂದು ಸ್ಕ್ರೂ ಪಟ್ಟು ಹಿಡಿದನಂತೆ. ಹಾಗಾದರೆ ನೀನೇ ಮಾಡು ಎಂದರು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಊಟ ಮರೆತು, ಪುಟ ಪುಟಕ್ಕೂ ಹೆಸರು ಹುಡುಕಿ ಕಪ್ಪು ಬಳಿದ. ಒಂದೂ ಬಿಡಲಿಲ್ಲ. ಅಷ್ಟು ಶ್ರದ್ಧೆಯಿಂದ ಅವನು ಪರೀಕ್ಷೆಗೆ ಓದಿದ್ದರೆ ನನ್ನ ತಂಗಿಯ ರಕ್ತದೊತ್ತಡ ಯಾವತ್ತೋ ಇಳಿಯುತ್ತಿತ್ತು.

ದಾಖಲೆಗಳು ಹೊರಬಿದ್ದಾಗ ಬೀದಿಯೇ ನಡುಗಿತು. ಮೆಟ್ಟಿಲಿಲ್ಲದ ಠಾಣೆಯ ಮೆಟ್ಟಿಲು ಊರೆಲ್ಲ ನಗೆಪಾಟಲಾಯಿತು. ಇನ್‌ಸ್ಪೆಕ್ಟರನನ್ನು ಕೆಲಸದಿಂದ ನಿಲ್ಲಿಸಿ ವಿಚಾರಣೆ ಶುರುಮಾಡಿದರು. ಬನ್ನುವಿನ ತಾಯಿ ನಲ್ಲಿಯ ಹತ್ತಿರ ನಿಂತು, ಇದನ್ನು ಮಾಡಿದವನು ಯಾವ ತಾಯಿಯ ಮಗನೋ ಅವನ ಕೈ ತಣ್ಣಗಿರಲಿ ಎಂದು ಕಣ್ಣೊರೆಸಿಕೊಂಡಳು. ಸ್ಕ್ರೂ ಪಕ್ಕದಲ್ಲೇ ಬಿಂದಿಗೆ ಹಿಡಿದು ನಿಂತಿದ್ದ. ನೀರು ತುಂಬಿ ಚೆಲ್ಲುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ.

ಆದರೆ ಜನ ಬನ್ನುವಿನ ಪುಟ ಓದಿ ಫೋನು ಕೆಳಗಿಡುತ್ತಾರೆಯೇ? ಮುಂದಿನ ಪುಟ, ಅದರ ಮುಂದಿನ ಪುಟ. ನಮ್ಮ ಬೀದಿಯವರು ಅಷ್ಟು ಓದಿದ್ದು ಅದೇ ಮೊದಲು. ಅದರಲ್ಲಿ ಒಂದು ಹೇಳಿಕೆ ಇತ್ತು. ಹೆಸರಿನ ಮೇಲೆ ದಪ್ಪ ಕಪ್ಪು ಪಟ್ಟಿ. ಅದರ ಕೆಳಗೆ: ‘ನಾನು ನಲ್ಲಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದೇನೆ. ನೀರಿನ ಟ್ಯಾಂಕರಿನವನ ಹೆಂಡತಿಯ ಬಟ್ಟೆಗಳಲ್ಲಿ ಮತ್ತೆ ಮತ್ತೆ ರಕ್ತದ ಕಲೆ ನೋಡಿದ್ದೇನೆ. ಆಕೆ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ನನ್ನ ಹೆಸರು ಹೊರಗೆ ಬರಬಾರದು.’

ಹೆಸರು ಹೊರಗೆ ಬಂದಿರಲಿಲ್ಲ, ನಿಜ.

ಟ್ಯಾಂಕರಿನವನು ಇಸ್ತ್ರಿ ಅಕ್ಕನ ಮೇಲೆ ಕೈ ಮಾಡಲಿಲ್ಲ. ಬೀದಿಯ ಕಣ್ಣೆದುರು ಅವನು ಅಂಥವನಲ್ಲ. ಅವಳ ಅಂಗಡಿಯ ಮುಂದೆ ನಿಂತು, ಫೋನು ನೋಡಿಕೊಂಡು, ಪಾಠ ಓದಿದ ಹಾಗೆ ಆ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. ಟ್ಯಾಂಕರನ್ನು ಅಂಗಡಿಗೆ ಅಡ್ಡಲಾಗಿ ನಿಲ್ಲಿಸಿ ಮನೆಗೆ ಹೋದ. ಅವತ್ತು ಅವನ ಮನೆಯೊಳಗೆ ಏನಾಯಿತೋ ನಮಗೆ ಗೊತ್ತಿಲ್ಲ. ಆ ವಾರ ಕಳೆಯುವುದರೊಳಗೆ ಅವನೇ ಮನೆ ಮನೆಗೆ ಬಂದು, ನನ್ನ ಹೆಂಡತಿಯನ್ನು ನೋಡಿದಿರಾ ಎಂದು ಕೇಳಿದ. ಅವಳು ಹೊರಟುಹೋಗಿದ್ದಳು. ಎಲ್ಲಿಗೆಂದು ಯಾರಿಗೂ ತಿಳಿಯಲಿಲ್ಲ.

ಉಳಿದವರು? ಟ್ಯಾಂಕರಿನವನಿಗೆ ಬುದ್ಧಿ ಹೇಳುವ ಬದಲು ತಮ್ಮ ತಮ್ಮ ಜೇಬು ತಡವಿಕೊಂಡರು. ಈ ಇಸ್ತ್ರಿಯವಳು ನಮ್ಮ ಬಟ್ಟೆಯಲ್ಲಿ ಏನೇನು ನೋಡಿದ್ದಾಳೋ, ಯಾರಿಗೆ ಹೇಳಿದ್ದಾಳೋ ಎಂಬ ದಿಗಿಲು. ಬಟ್ಟೆ ಕೊಡುವುದನ್ನೇ ನಿಲ್ಲಿಸಿದರು. ಇಡೀ ಬೀದಿ ಸುಕ್ಕು ಸುಕ್ಕಾಗಿ ಓಡಾಡತೊಡಗಿತು. ನಮ್ಮ ಮೇಷ್ಟ್ರ ಷರ್ಟು ಎಷ್ಟು ಸುಕ್ಕಾಗಿತ್ತೆಂದರೆ, ಭೂಗೋಳದ ಪಾಠಕ್ಕೆ ಬೆಟ್ಟ ಕಣಿವೆ ತೋರಿಸಲು ಬೇರೆ ನಕ್ಷೆ ಬೇಕಾಗಲಿಲ್ಲ.

ಆ ದಿನಗಳಲ್ಲಿ ಅವಳ ಅಂಗಡಿಗೆ ಬಟ್ಟೆ ಒಯ್ಯುತ್ತಿದ್ದವನು ಸ್ಕ್ರೂ ಒಬ್ಬನೇ. ಮೊದಲು ತನ್ನ ಷರ್ಟುಗಳನ್ನು ಒಯ್ದ. ಅವು ಮುಗಿದ ಮೇಲೆ ಬನಿಯನ್ನು, ಟವೆಲು, ಕಾಲುಚೀಲ. ಅವಳು ಒತ್ತಿಕೊಟ್ಟದ್ದನ್ನು ಮನೆಗೆ ತಂದು, ಮುದ್ದೆ ಮಾಡಿ ಅದರ ಮೇಲೆ ಕೂತು, ಮಾರನೆಯ ದಿನ ಮತ್ತೆ ಒಯ್ಯುತ್ತಿದ್ದ. ನಮ್ಮ ಮನೆಯ ಕಿಟಕಿಯ ಪರದೆಗಳು ಮಾಯವಾದಾಗ ನಮ್ಮ ಮನೆಯವಳು ಕಳ್ಳ ಹೊಕ್ಕಿದ್ದಾನೆ ಎಂದು ಗಲಾಟೆ ಮಾಡಿದಳು. ಸಂಜೆಗೆ ಅವು ಗರಿಗರಿಯಾಗಿ ವಾಪಸು ಬಂದವು.

ಪರದೆ ಹಿಂದಿರುಗಿಸಲು ಬಂದವನನ್ನು ಕೂರಿಸಿಕೊಂಡು ಕೇಳಿದೆ. ಮೊದಲು ನಕ್ಕ, ಆಮೇಲೆ ಎಲ್ಲ ಹೇಳಿದ. ಇವನು ಕಾಲುಚೀಲಕ್ಕೆ ಇಸ್ತ್ರಿ ಹಾಕಿಸುವಾಗಲೇ ನನಗೆ ಅರ್ಧ ಗೊತ್ತಾಗಿತ್ತು.

“ಬನ್ನುದಷ್ಟೇ ಹಾಕಬಹುದಿತ್ತಲ್ಲೋ” ಎಂದೆ.

“ಒಂದು ಪುಟ ಹಾಕಿದ್ರೆ ಸುಳ್ಳು ಅಂತಿದ್ರು ಮಾವ. ರಾಶಿ ಹಾಕಿದ್ಕೇ ನಂಬಿದ್ದು. ಅವನ ಕೈ ವಿಷಯ ಹೊರಗೆ ಬರಬೇಕಿತ್ತಾ ಇಲ್ವಾ, ನೀನೇ ಹೇಳು.”

“ಬರಬೇಕಿತ್ತು.”

“ಮತ್ತೆ?”

ಎಲ್ಲದಕ್ಕೂ ಒಂದು ಬುರುಡೆ ಇಟ್ಟುಕೊಂಡಿರುವವನು ನಾನು, ಅವತ್ತು ಒಂದೂ ಹೊಳೆಯಲಿಲ್ಲ. ಸ್ಕ್ರೂವೇ, ಬನ್ನುವಿನ ತಾಯಿ ಎದುರಾದರೆ ತಲೆ ಎತ್ತಬಹುದು, ಅಕ್ಕ ಎದುರಾದರೆ ನೆಲ ನೋಡಬೇಕು, ಇಬ್ಬರೂ ಒಂದೇ ನಲ್ಲಿಗೆ ಬರುತ್ತಾರೆ, ಅದಕ್ಕೆ ನೀರು ತರುವುದನ್ನೇ ಬಿಟ್ಟಿದ್ದೇನೆ ಎಂದ. ಅವಳಿಗೆ ಹೇಳಿಬಿಡು ಎಂದೆ. ಹೇಳಿದರೆ ಆ ಒಂದು ಗಂಟು ಬಟ್ಟೆಯನ್ನೂ ಅವಳು ಮುಟ್ಟಲಿಕ್ಕಿಲ್ಲ, ಪೊಲೀಸರಿಗೆ ಒಪ್ಪಿಸಿದರೂ ಒಪ್ಪಿಸಿದಳೇ, ಎಂದು ಹಿಂಜರಿದ.

ಅಷ್ಟರಲ್ಲಿ ಅಕ್ಕ ಅಂಗಡಿ ಖಾಲಿ ಮಾಡುವ ಸುದ್ದಿ ಬಂತು. ನನ್ನ ಕೋಟು ಅವಳ ಹತ್ತಿರ ಉಳಿದಿತ್ತು, ತರಲು ಹೋದೆ. ಸ್ಕ್ರೂ ನನ್ನ ಹಿಂದೆಯೇ ಬಂದ, ಕಂಕುಳಲ್ಲಿ ಒಂದು ಗಂಟು. ಅವಳು ಇಸ್ತ್ರಿಪೆಟ್ಟಿಗೆಯ ಬೂದಿ ಸುರಿಯುತ್ತಿದ್ದಳು.

“ಏನಪ್ಪ, ಇವತ್ತು ಏನು ತಂದೆ? ಹಾಸಿಗೇನಾ?” ಎಂದಳು.

ಸ್ಕ್ರೂ ಗಂಟು ಕೆಳಗಿಡಲೂ ಇಲ್ಲ. ನಿಂತಲ್ಲೇ ಎಲ್ಲ ಹೇಳಿದ. ಪಾಸ್‌ವರ್ಡು ಕೊಟ್ಟವನು ತಾನು, ಅವಳ ಹೇಳಿಕೆ ಓದಿದವನು ತಾನು, ಕಪ್ಪು ಬಳಿದವನು ತಾನು.

ಅವಳು ಬೂದಿ ಸುರಿದು ಮುಗಿಸಿದಳು. ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿದಳು. ಆಮೇಲೆ ಕೇಳಿದಳು.

“ನನ್ನ ಹೆಸರೇನು, ಹೇಳು.”

ಅವನು ಹೇಳಿದ. ನಾನು ಅದನ್ನು ಕೇಳಿದ್ದು ಅದೇ ಮೊದಲು.

“ಆ ಫೈಲು ಓದೋಕೆ ಮುಂಚೆ ಗೊತ್ತಿತ್ತಾ ನಿಂಗೆ?”

“ಇಲ್ಲ ಅಕ್ಕ.”

“ಈ ಬೀದೀಲಿ ಯಾರಿಗೆ ಗೊತ್ತಿತ್ತು? ಯಾರಿಗೂ ಗೊತ್ತಿಲ್ಲದ್ದನ್ನ ಮುಚ್ಚಿಟ್ಟೆ. ಇಸ್ತ್ರಿ, ನಲ್ಲಿ ಮೂಲೆ, ಅದನ್ನೆಲ್ಲ ಹಾಗೇ ಬಿಟ್ಟೆ.”

ಅಷ್ಟು ಪುಟಗಳಲ್ಲಿ ಒಂದು ಹೆಸರನ್ನೂ ತಪ್ಪಿಸದವನಿಗೆ, ತಾನೇ ಚಿಕ್ಕಂದಿನಿಂದ ಸ್ಕ್ರೂ ಆಗಿ ಬದುಕಿದವನಿಗೆ, ಇದು ಹೊಳೆದಿರಲಿಲ್ಲ. ತಪ್ಪಾಯಿತು ಎಂದ.

“ನನ್ನ ಹತ್ರ ತಪ್ಪಾಯ್ತು ಅನ್ನೋದು ಸುಲಭ, ನಾನು ಇಲ್ಲೇ ನಿಂತಿದೀನಿ. ನಂದು ಹೋದ್ರೆ ಅಂಗಡಿ ಹೋಯ್ತು. ಅವಳದು?”

ಒಳಗಿನ ಅಟ್ಟದಿಂದ ಒಂದು ಹಸಿರು ಅಂಗಿ ತೆಗೆದಳು. ಟ್ಯಾಂಕರಿನವನ ಹೆಂಡತಿಯದು. ಕಲೆ ಹೋಗುವವರೆಗೂ ತೊಳೆದು, ಮಡಿಸಿ ಇಟ್ಟಿದ್ದಳು. ಅದನ್ನು ಅವನ ಗಂಟಿನ ಮೇಲಿಟ್ಟು, ಇದನ್ನು ನಿನ್ನ ಅಂಗಡಿಯಲ್ಲಿಟ್ಟುಕೋ, ಎಂದಾದರೂ ಅವಳು ಕೇಳಿಕೊಂಡು ಬಂದರೆ ಕೊಡು ಎಂದಳು. ಸ್ಕ್ರೂ ತಕ್ಷಣ, ಎಲ್ಲಿದ್ದಾಳೆಂದು ಹುಡುಕಿ ನಾನೇ ತಲುಪಿಸುತ್ತೇನೆ, ಒಂದು ಫೋನ್ ನಂಬರು ಸಿಕ್ಕರೆ ಸಾಕು ಎಂದ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಬಂದಿತ್ತು.

“ಹುಡುಕಬೇಡ” ಎಂದಳು ಅಕ್ಕ. “ನಿಂಗೆ ಬರುತ್ತೆ ಅಂತ ಗೊತ್ತು. ಆದ್ರೂ ಹುಡುಕಬೇಡ.”

ನನ್ನ ಕೋಟು ಕೊಟ್ಟಳು. ಜೇಬಿನಲ್ಲಿ ಸಿಕ್ಕ ನನ್ನ ಹಳೇ ಕನ್ನಡಕವನ್ನೂ ಕೊಟ್ಟಳು. ಅವಳು ಹೋದದ್ದು ಊರಿನ ಆ ಕಡೆಗೆ. ಅಲ್ಲೂ ಇಸ್ತ್ರಿಯೇ. ಇದನ್ನು ಬರೆಯುವ ಮೊದಲು ಹೋಗಿ ಕೇಳಿದೆ. ಬರೆಯಿರಿ ತಾತ, ಆದರೆ ನಿಮ್ಮ ಬುರುಡೆ ಧಾರಾಳವಾಗಿ ಬೆರೆಸಿ, ಯಾರೂ ನಂಬದ ಹಾಗೆ ಎಂದು ನಕ್ಕಳು. ಸ್ಕ್ರೂ ಹೇಗಿದ್ದಾನೆ ಎಂದು ಮಾತ್ರ ಕೇಳಲಿಲ್ಲ.

ಅವನು ಹೇಗಿದ್ದಾನೆಂದರೆ, ಅಂಗಡಿಯಲ್ಲಿ ವೈರುಗಳನ್ನೆಲ್ಲ ಬದಿಗೆ ಸರಿಸಿ ಒಂದು ಮೊಳೆ ಖಾಲಿ ಮಾಡಿದ್ದಾನೆ. ಆ ಮೊಳೆಗೆ ಹಸಿರು ಅಂಗಿ ನೇತುಹಾಕಿ, ಕಾಣದಂತೆ ಮುಂದೆ ಒಂದು ಬಟ್ಟೆಯ ಪರದೆ ಎಳೆದಿದ್ದಾನೆ. ಆ ಮುಖ ಕಾಣದ ಗೆಳೆಯರು ಮತ್ತೊಂದು ಠಾಣೆಯ ವಿಷಯ ಎತ್ತಿದಾಗ, ಕಪ್ಪು ಬಳಿಯುವ ಮೊದಲು ಆ ಬೀದಿಯಲ್ಲಿ ಹುಟ್ಟಿ ಬೆಳೆದವರೊಬ್ಬರನ್ನು ಕೂರಿಸಿಕೊಳ್ಳಿ ಎಂದು ಬರೆದನಂತೆ. ಅವರು ಅಷ್ಟು ಪುರುಸೊತ್ತಿಲ್ಲ ಎಂದರಂತೆ. ಇವನು ಅವರ ಸಹವಾಸವನ್ನೇ ಬಿಟ್ಟ.

ಮೊನ್ನೆ ನಾನು ಅಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಟ್ಯಾಂಕರಿನವನು ಬಂದ. ಬಹಳ ಮರ್ಯಾದೆಯಿಂದ ಬಂದ, ಕೈಯಲ್ಲಿ ಹೆಂಡತಿಯ ಹಳೇ ಫೋನು.

“ಅಣ್ಣ, ಇದ್ರಲ್ಲಿ ಅವಳ ಅಕೌಂಟೆಲ್ಲ ಇದೆ. ಹೊಸ ಫೋನು ಎಲ್ಲಿ ಆನ್ ಮಾಡಿದಾಳೆ ಅಂತ ಇದ್ರಿಂದ ಗೊತ್ತಾಗುತ್ತಂತಲ್ಲ? ನಿಂಗಾದ್ರೆ ಎರಡು ನಿಮಿಷದ ಕೆಲಸ.”

ಎರಡು ನಿಮಿಷವೂ ಬೇಕಿರಲಿಲ್ಲ, ಅದು ನನಗೂ ಗೊತ್ತು. ಸ್ಕ್ರೂ ಫೋನನ್ನು ಕೈಗೆ ತೆಗೆದುಕೊಂಡ. ಅವನ ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ನಾನು ಚಹಾದ ಲೋಟ ಹಿಡಿದುಕೊಂಡೇ ಇದ್ದೆ. ಪರದೆಯ ಹಿಂದೆ ಫ್ಯಾನಿನ ಗಾಳಿಗೆ ಅಂಗಿಯ ತೋಳು ಗೋಡೆಯನ್ನು ಸವರುತ್ತಿತ್ತು.

“ನನಗೆ ಬರಲ್ಲ” ಎಂದ ಸ್ಕ್ರೂ, ಫೋನು ಹಿಂದಕ್ಕೆ ಕೊಡುತ್ತ.

ಟ್ಯಾಂಕರಿನವನು ನಂಬಲಿಲ್ಲ, ಇನ್ನೊಮ್ಮೆ ಕೇಳಿದ. ಇವನು ಇನ್ನೊಮ್ಮೆ ಅದನ್ನೇ ಹೇಳಿದ. ಈಗ ಬೀದಿಯಲ್ಲೆಲ್ಲ, ಸ್ಕ್ರೂವಿನ ಕೈ ಮೊದಲಿನ ಹಾಗಿಲ್ಲ, ಕಲಿತದ್ದೆಲ್ಲ ಮರೆತಿದ್ದಾನೆ ಎಂಬ ಮಾತು. ಹಲ್ಲುಸೆಟ್ಟಿನ ಮುದುಕ ಕೂಡ ಸೀಟಿ ಹೊಡೆಯುತ್ತ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಾನೆ. ಸ್ಕ್ರೂ ಇಲ್ಲವೆನ್ನುವುದಿಲ್ಲ. ತಲೆ ಬಗ್ಗಿಸಿಕೊಂಡು ಬೆಸುಗೆ ಹಾಕುತ್ತಾನೆ. ಬಾಗಿಲಲ್ಲಿ ಹೆಂಗಸಿನ ನೆರಳು ಬಿದ್ದರೆ ಮಾತ್ರ ಕೈ ನಿಲ್ಲಿಸಿ ಮುಖ ಎತ್ತುತ್ತಾನೆ.