ಗ್ಲಾಸು ತಿಕ್ಕುವ ಬೂದಿ

ಇದು ನಡೆದದ್ದು ಖರೆ. ಕಟ್ಟಿ ಹೇಳುವುದಾಗಿದ್ದರೆ ನನ್ನನ್ನು ನಾನೇ ಇಷ್ಟು ಹಲ್ಕಟ್ಟಾಗಿ ತೋರಿಸಿಕೊಳ್ಳುತ್ತಿರಲಿಲ್ಲ. ಬಿಳಿ ಸೀರೆ, ಹಿಂದುಮುಂದಾದ ಪಾದ, ಹುಣಸೆಮರ... ಇಂಥದ್ದು ಬೇಕಾದವರು ಇಲ್ಲಿಗೇ ಓದುವುದನ್ನು ಬಿಡಬಹುದು. ನಾನು ಆ ರಾತ್ರಿ ಹೆದರಿದ್ದು ದೆವ್ವಕ್ಕಲ್ಲ. ಯಾವುದಕ್ಕೆ ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಳಿಯಾಳದ ಬಜಾರದ ಒಂದು ಅರಿವೆ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಅಂಗಡಿಯ ಮಾಲಕರೇ ನಮ್ಮ ಭಜನಾ ಮಂಡಳಿಗೂ ಅಧ್ಯಕ್ಷರು. ಆ ವರ್ಷ ಚಳಿ ಜೋರು. ಕಬ್ಬು ಕಡಿಯಲು ಬಂದು ಬೀದಿಗೆ ಬಿದ್ದವರು, ಮನೆಯಿಂದ ಹೊರಹಾಕಿಸಿಕೊಂಡವರು, ತಲೆ ಕೆಟ್ಟವರು, ಎಲ್ಲರೂ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮುದುಡಿ ಮಲಗುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಅಧ್ಯಕ್ಷರಿಗೆ ಅವರ ಮೇಲೆ ಕರುಣೆ ಉಕ್ಕಿತು. ಅದರ ಹಿಂದಿನ ವಾರ ಪಕ್ಕದ ಓಣಿಯ ಮಂಡಳಿಯವರು ಕಂಬಳಿ ಹಂಚಿ ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡಿದ್ದೇ ಕಾರಣ ಅಂತ ನಾನು ಹೇಳುವುದಿಲ್ಲ. ನೀವೇ ತಿಳಿದುಕೊಳ್ಳಿ.

ಖಾಲಿ ಬಿದ್ದಿದ್ದ ಒಂದು ಮೆಣಸಿನಕಾಯಿ ಗೋದಾಮು ಹಿಡಿದರು. ಬಾಗಿಲಿಗಿಂತ ದೊಡ್ಡ ಬೋರ್ಡು ಬಂತು. ಒಳಗೆ ಹಳೇ ಘಾಟು ಹಾಗೇ ಇತ್ತು. ರಾತ್ರಿಯೆಲ್ಲ ಜನ ಸೀನುತ್ತ ಮಲಗಬೇಕು. ಆದರೂ ತಲೆ ಮೇಲೆ ಸೂರಿತ್ತು ಅನ್ನಿ.

ನಿಯಮ ಒಂದೇ. ಏಳಕ್ಕೆ ಭಜನೆ, ಎಂಟೂವರೆಗೆ ಮಂಗಳಾರತಿ. ಭಜನೆಗೆ ಕೂತವರ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುವುದು. ಹಣೆಯ ಮೇಲೆ ವಿಭೂತಿ ಇದ್ದವರಿಗಷ್ಟೇ ಊಟ, ಕಂಬಳಿ, ಜಾಗ. ಒಂಬತ್ತಕ್ಕೆ ಬಾಗಿಲಿಗೆ ಅಗಳಿ.

"ಪುಕ್ಕಟ ಅನ್ನ ಹಾಕಿದ್ರ ಅದು ಭಿಕ್ಷಾ ಆಗ್ತೇತಿ ಈರಣ್ಣ. ಭಜನಿ ಮಾಡಿ ಉಂಡ್ರ ಪ್ರಸಾದ ಆಗ್ತೇತಿ," ಎಂದಿದ್ದರು ಅಧ್ಯಕ್ಷರು. ತಾವು ಮಾತ್ರ ಎಂಟಕ್ಕೇ ಮನೆಗೆ ಹೋಗಿ ಬಿಸಿ ರೊಟ್ಟಿ ಉಣ್ಣುತ್ತಿದ್ದರು.

ವಿಭೂತಿಯ ತಟ್ಟೆ ನನ್ನ ಕೈಯಲ್ಲಿ. ರಾತ್ರಿ ಕಾವಲೂ ನನ್ನದೇ. ಹಗಲೆಲ್ಲ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಮಡಚಿ ಬೈಸಿಕೊಳ್ಳುತ್ತಿದ್ದ ನನಗೆ, ಸಂಜೆಯಾದರೆ ಹತ್ತಾರು ಹಣೆಗಳು ತಾವಾಗಿ ಬಾಗುತ್ತಿದ್ದವು. ಆ ಅಮಲು ಬೇರೆಯೇ. ನಾನು ದೊಡ್ಡ ಭಕ್ತನೇನಲ್ಲ, ಬಾಗಿಲು ಕಾಯುವ ನಾಯಿಯಷ್ಟೇ ಆಗಿದ್ದೆ.

ಬಸ್‌ಸ್ಟ್ಯಾಂಡಿನ ಎದುರು ಮೆಹಬೂಬ್ ಚಾಚಾನ ಚಹಾದಂಗಡಿ. ಅಲ್ಲಿ ಗ್ಲಾಸು ತೊಳೆಯುತ್ತಿದ್ದವಳು ಗಂಗವ್ವ, ಮಳಗಿ ಕಡೆಯ ಮುದುಕಿ. ಹಿಂದೆಮುಂದೆ ಯಾರೂ ಇಲ್ಲ. ಒಲೆಯ ಬೂದಿಯಲ್ಲಿ ಗ್ಲಾಸು ತಿಕ್ಕಿ, ಮುಂಡಗೋಡದ ಕೊನೇ ಬಸ್ಸು ಬಂದು ಹೋದ ಮೇಲೆ ಅಂಗಡಿಯ ಬೆಂಚಿನ ಮೇಲೆ ಮಲಗುತ್ತಿದ್ದಳು. ಬಸ್ಸು ಬರುವುದು ಒಂಬತ್ತರ ಹೊತ್ತಿಗೆ. ಭಜನೆಗೆ ಕೂತರೆ ಕೆಲಸ ಹೋಗುತ್ತದೆ, ಕೆಲಸಕ್ಕೆ ನಿಂತರೆ ಸೂರು ಸಿಗುವುದಿಲ್ಲ. ದುಡಿದು ತಿನ್ನುವವಳೊಬ್ಬಳಿಗೇ ನಮ್ಮ ಸೇವೆಯಲ್ಲಿ ಜಾಗ ಇರಲಿಲ್ಲ ನೋಡಿ!

ಒಂದು ರಾತ್ರಿ ಅಗಳಿ ಹಾಕುವ ಹೊತ್ತಿಗೆ ಬಂದಳು. ನಾನು ಹಣೆ ನೋಡಿದೆ.

"ವಿಭೂತಿ ಇಲ್ಲ, ಒಳಗ ಜಾಗಾ ಇಲ್ಲ."

"ಥಂಡಿ ತಡಿಯಾಕ ಆಗವಲ್ದೋ ತಮ್ಮಾ."

"ನಾಳಿ ಭಜನಿಗೆ ಬಾ." ಬಾಗಿಲು ಹಾಕಿಕೊಂಡೆ.

ಮರುದಿನ ಮತ್ತೆ ಬಂದಳು, ಅದೇ ಹೊತ್ತಿಗೆ. ಈ ಸಲ ಹಣೆಯ ಮೇಲೆ ಮೂರು ಪಟ್ಟೆಗಳಿದ್ದವು. ಸೊಟ್ಟ, ಕಪ್ಪುಬೂದು ಪಟ್ಟೆ. ನಡುವೆ ಒಂದೆರಡು ಚಹಾಪುಡಿಯ ಕಣ... ಹತ್ತಿರ ಬಂದರೆ ಹಸಿ ಬೂದಿಯ ವಾಸನೆ.

"ಇದು ಗ್ಲಾಸ್ ತಿಕ್ಕೂ ಬೂದಿ ಅಲ್ಲೇನ ಬೇ?" ನಾನು ಜೋರಾಗಿ ನಕ್ಕೆ. ಒಳಗೆ ಕಂಬಳಿ ಹೊದ್ದವರೂ ನಕ್ಕರು.

"ಇದೂ ಬೂದಿನ, ಅದೂ ಬೂದಿನ. ಸುಟ್ಟಮ್ಯಾಲ ಎಲ್ಲಾ ಒಂದ ಅಲ್ಲೇನೋ?"

ಮಾತಿನಲ್ಲಿ ಸೋತಾಗ ನನ್ನಂಥವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಹೆಗಲ ಮೇಲಿನ ಟವೆಲ್ಲನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿ ಅವಳ ಹಣೆಯನ್ನು ಒರೆಸಿಬಿಟ್ಟೆ. ನನ್ನ ಕೈಗೆ ಅವಳ ಹಣೆ ಕಾದ ಹಂಚಿನಂತೆ ತಾಗಿತು. ಅದು ಜ್ವರ ಅಂತ ಗೊತ್ತಾಗದಷ್ಟು ಮೂರ್ಖ ನಾನಲ್ಲ. ಗೊತ್ತಾಯಿತು. ಆದರೂ ಅಗಳಿ ಹಾಕಿದೆ.

ಅವಳು ಬೈಯಲಿಲ್ಲ, ಶಾಪ ಹಾಕಲಿಲ್ಲ. ಬಾಗಿಲಿನ ಆಚೆಯಿಂದ ಒಂದೇ ಮಾತು ಕೇಳಿತು.

"ಆತು, ಬರೇ ಹಣೀಲೆ ಕುಂದ್ರತೇನಿ."

ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ನಾನು ಬಾಗಿಲ ಪಕ್ಕ ಮಲಗಿದೆ. ಕಣ್ಣು ಹತ್ತುವಷ್ಟರಲ್ಲಿ ಸದ್ದು ಶುರುವಾಯಿತು...

ಚರ್ರ್... ಚರ್ರ್... ಬೂದಿ ಹಚ್ಚಿ ಗಾಜು ತಿಕ್ಕುವ ಸದ್ದು. ಆಮೇಲೆ ಗ್ಲಾಸು ಕೆಳಗಿಟ್ಟ ಟಣ್. ಮತ್ತೆ ಚರ್ರ್...

ಮುದುಕಿ ಮೆಟ್ಟಿಲ ಮೇಲೆ ಕೂತು ಏನೋ ಮಾಡುತ್ತಿದ್ದಾಳೆ ಅಂದುಕೊಂಡೆ. "ಸುಮ್ನಿರ ಬೇ!" ಎಂದು ಗದರಿಸಿದೆ. ಸದ್ದು ನಿಂತಿತು. ಎರಡು ನಿಮಿಷ ಬಿಟ್ಟು ಮತ್ತೆ ಶುರುವಾಯಿತು. ಈಗ ಅದು ಹೊರಗಿನಿಂದ ಬರುತ್ತಿರಲಿಲ್ಲ. ಗೋದಾಮಿನ ಒಳಗೆ, ಆ ತುದಿಯ ಕತ್ತಲಲ್ಲಿತ್ತು.

ಬ್ಯಾಟರಿ ಹಿಡಿದು ಎದ್ದೆ. ಮೆಣಸಿನಕಾಯಿ ಘಾಟು ಎಲ್ಲಿ ಹೋಗಿತ್ತೋ... ಹಸಿ ಬೂದಿ ಮತ್ತು ಕುದ್ದು ಕುದ್ದು ಕಹಿಯಾದ ಚಹಾದ ವಾಸನೆ ಮೂಗಿಗೆ ಅಡರಿತು. ಯಾರೂ ಸೀನುತ್ತಿರಲಿಲ್ಲ. ಮೊದಲನೆಯವನ ಮುಖಕ್ಕೆ ಬೆಳಕು ಬಿಟ್ಟೆ. ಕಬ್ಬು ಕಡಿಯುವ ಫಕೀರಪ್ಪ. ಹಣೆಯ ಮೇಲೆ ವಿಭೂತಿ ಇರಲಿಲ್ಲ. ನಿದ್ದೆಯಲ್ಲಿ ಅಳಿಸಿರಬೇಕು ಅಂದುಕೊಂಡು ಎರಡನೆಯವನನ್ನು ನೋಡಿದೆ, ಮೂರನೆಯವನನ್ನು ನೋಡಿದೆ. ಸಾಲಿನ ಕೊನೆಯವರೆಗೂ ಹೋದೆ.

ಎಲ್ಲರ ಹಣೆಯೂ ಬರಿದು. ಬರೀ ಬರಿದಲ್ಲ, ಒದ್ದೆ. ಈಗಷ್ಟೇ ಯಾರೋ ಒಬ್ಬೊಬ್ಬರ ಪಕ್ಕದಲ್ಲೂ ಕೂತು ಒರೆಸಿ ಹೋದ ಹಾಗೆ...

ಕೈ ತಾನಾಗಿ ನನ್ನ ಹಣೆಗೆ ಹೋಯಿತು. ಬೆರಳಿಗೆ ಪುಡಿ ಹತ್ತಿತು. ಬೆಳಕಿಗೆ ಹಿಡಿದು ನೋಡಿದರೆ, ಕಪ್ಪುಬೂದು. ಚಹಾಪುಡಿಯ ಒಂದು ಕಣ ಕೂಡ ಇತ್ತು.

ಒರೆಸಿಕೊಳ್ಳೋಣ ಅಂದರೆ ಟವೆಲ್ಲು ಹೆಗಲ ಮೇಲಿಲ್ಲ, ಬಕೆಟ್ಟಿನ ಹತ್ತಿರವಿಲ್ಲ, ಹಾಸಿಗೆಯ ಮೇಲೂ ಇಲ್ಲ. ಅಗಳಿ ತೆಗೆದು ಹೊರಗೆ ನೋಡಿದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬಾಗಿಲನ್ನು ಮತ್ತೆ ಹಾಕುವ ಧೈರ್ಯ ಬರಲಿಲ್ಲ. ಬೆಳಗಾಗುವ ತನಕ ಹೊಸ್ತಿಲ ಮೇಲೆ ನಡುಗುತ್ತ ಕೂತೆ. ಚಳಿ ಅಂದರೆ ಏನು ಅಂತ ಅವತ್ತು ತಿಳಿಯಿತು.

ಬೆಳಕು ಹರಿಯುತ್ತಲೇ ಫಕೀರಪ್ಪನನ್ನು ಎಬ್ಬಿಸಿ ಕೇಳಿದೆ, "ರಾತ್ರಿ ಮುದುಕಿ ಬಾಗಲಿಗೆ ಬಂದಿದ್ಲಲ್ಲ?"

"ಬಂದಿದ್ಲಲ್ರಿ. ನೀವು ನಕ್ರಿ ಅಂತ ನಾವೂ ನಕ್ವಿ," ಎಂದ.

ಹಾಗಾದರೆ ಕನಸಲ್ಲ. ನೇರ ಚಹಾದಂಗಡಿಗೆ ನಡೆದೆ. ಒಲೆಯ ಪಕ್ಕ ಗೋಣಿತಾಟಿನ ಮೇಲೆ ಗಂಗವ್ವ ಮಲಗಿದ್ದಳು. ಉಸಿರಾಡುತ್ತಿದ್ದಳು. ಹಣೆಯ ಮೇಲೆ ಒದ್ದೆ ಬಟ್ಟೆಯ ಪಟ್ಟಿ ಇತ್ತು. ಹಸಿರು ಅಂಚು, ಮೂಲೆಯಲ್ಲಿ ಊದಿನಕಡ್ಡಿ ಸುಟ್ಟ ತೂತು... ನನ್ನದೇ ಟವೆಲ್ಲು.

"ರಾತ್ರಿ ಎಷ್ಟೊತ್ತಿಗೆ ಬಂದ್ಲು ಚಾಚಾ?"

"ಎಲ್ಲಿಂದ ಬರೂದು? ನಿನ್ನಿ ಸಂಜಿಂದ ಜ್ವರಾ. ಎದ್ದ ಇಲ್ಲ. ಗ್ಲಾಸ್ ಎಲ್ಲಾ ನಾನ ತೊಳದೇನಿ."

"ಈ ಟವೆಲ್?"

ಚಾಚಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಚೇಷ್ಟಿ ಮಾಡ್ತಿಯೇನ್ ಈರಣ್ಣ? ಸಂಜೀ ಏಳಕ್ಕ ನೀನ ಬಂದು ಪಟ್ಟಿ ಹಾಕಿದಿ. ತಲಿ ಒತ್ತಿದಿ. ಆರಾಮಾದ ಮ್ಯಾಲ ಕರಿಯಾಕ ಬರ್ತೇನಿ ಯವ್ವಾ, ಬಾಗಲಾ ತಗದ ಇಟ್ಟಿರ್ತೇನಿ ಅಂತ ಹೇಳಿ ಹೋದಿ. ಹಣೀ ಮ್ಯಾಲ ವಿಭೂತಿ ಇರಲಿಲ್ಲ, ಅದೊಂದ ನನಗ ಚಮತ್ಕಾರ ಅನಸ್ತು."

ಏಳಕ್ಕೆ ನಾನು ಭಜನೆಯಲ್ಲಿ ತಾಳ ಹಾಕುತ್ತಿದ್ದೆ. ಇಡೀ ಮಂಡಳಿ ನೋಡಿದೆ. ಏಳಕ್ಕೇ ಅವಳ ಹಣೆಯ ಮೇಲಿದ್ದ ಟವೆಲ್ಲಿನಿಂದ ಒಂಬತ್ತಕ್ಕೆ ನಾನು ಅವಳ ಹಣೆ ಒರೆಸಿದ್ದು ಹೇಗೆ? ಎದ್ದೇ ಇಲ್ಲದವಳು ಬಾಗಿಲಿಗೆ ಬಂದದ್ದು ಹೇಗೆ?

ಅಷ್ಟರಲ್ಲಿ ಗಂಗವ್ವ ಕಣ್ಣು ಬಿಟ್ಟಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಇಂವಾ ಅಲ್ಲ," ಎಂದು ಆ ಕಡೆ ಹೊರಳಿದಳು.

ನಾನು ಅಧ್ಯಕ್ಷರ ಹತ್ತಿರ ಹೋಗಿ ಮುದುಕಿಗೆ ಜಾಗ ಕೊಡೋಣ ಅಂದೆ. "ಒಬ್ಬಾಕಿಗೆ ಸಡ್ಲ ಬಿಟ್ರ ಶಿಸ್ತು ಹಾಳಾಗ್ತೇತಿ" ಎಂದರು. ಅವತ್ತು ಮೊದಲ ಸಲ ನಾನು ಅವರ ಮಾತು ಮೀರಿದೆ. ರಾತ್ರಿ ಅಗಳಿ ಹಾಕಲಿಲ್ಲ. ಅವಳಿಗೆ ಜ್ವರ ಬಿಟ್ಟ ಮೇಲೆ ಕರೆಯಲು ಹೋದೆ. ಹೋಗುವ ಮುಂಚೆ ಹಣೆಯ ವಿಭೂತಿಯನ್ನು ಚೆನ್ನಾಗಿ ತೊಳೆದುಕೊಂಡೆ. ನನ್ನ ಜಾಣತನ ನೋಡಿ.

ಅವಳು ಗ್ಲಾಸು ತಿಕ್ಕುತ್ತಲೇ ನನ್ನ ಹಣೆ ನೋಡಿದಳು. "ಬ್ಯಾಡೋ ತಮ್ಮಾ. ನೀ ಒರಸ್ಕೊಂಡ ಬಂದಿ. ಅಂವಾ ಬರ್ತೇನಿ ಅಂದಾನ. ಅವನ ಜೋಡಿ ಹೋಗ್ತೇನಿ."

ಆ ಚಳಿಗಾಲವೆಲ್ಲ ಅವಳು ಬೆಂಚಿನ ಮೇಲೆಯೇ ಮಲಗಿದಳು. ನಾನು ಕೊಟ್ಟ ಕಂಬಳಿ ಮುಟ್ಟಲಿಲ್ಲ. ಪ್ರತಿ ಸಂಜೆ ನಾನು ಹಾದುಹೋಗುವಾಗ ತಲೆಯೆತ್ತಿ ನನ್ನ ಮುಖ ಹುಡುಕುವಳು, ಮತ್ತೆ ತಲೆ ತಗ್ಗಿಸುವಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಶಿವರಾತ್ರಿಯ ಹತ್ತಿರ ಒಂದು ಬೆಳಿಗ್ಗೆ ಬೆಂಚು ಖಾಲಿಯಿತ್ತು. ಓಡಿಹೋಗಿ ಕೇಳಿದೆ, "ಚಾಚಾ, ಗಂಗವ್ವ ಎಲ್ಲಿ?"

ಚಹಾ ಸೋಸುತ್ತಿದ್ದ ಚಾಚಾ ಕೈ ನಿಲ್ಲಿಸಿದ. ಅವನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡೆ.

"ನಿನ್ನಿ ರಾತ್ರಿ ನೀನ ಕೈ ಹಿಡದ ಕರಕೊಂಡ ಹೋದ್ಯಲ್ಲೋ..." ಎಂದ ಮೆಲ್ಲಗೆ.

ಹಳಿಯಾಳ, ಮುಂಡಗೋಡ, ಮಳಗಿ, ಅಲ್ಲೇ ಹತ್ತಿರದ ಇಂದೂರ ಹಳ್ಳಿ, ಎಲ್ಲ ಕಡೆ ಹುಡುಕಿದೆ. ಹೆಣವಾಗಿಯೂ ಸಿಗಲಿಲ್ಲ, ಜೀವಂತವಾಗಿಯೂ ಸಿಗಲಿಲ್ಲ. ಮುಂದಿನ ಚಳಿಗೆ ಗೋದಾಮು ಮುಚ್ಚಿತು. ಫೋಟೋ ಬಂದಾಗಿತ್ತು, ಅಧ್ಯಕ್ಷರ ಕರುಣೆಯೂ ಆರಿತ್ತು.

ಇಷ್ಟು ವರ್ಷವಾದರೂ ಬಸ್‌ಸ್ಟ್ಯಾಂಡಿನಲ್ಲಿ ಹಳಬರು ಸಿಕ್ಕರೆ ಹೇಳುತ್ತಾರೆ, "ಆ ಮುದುಕಿನ್ನ ಮನೀಗೆ ಕರಕೊಂಡ ಹೋದ್ರಿ, ದೊಡ್ಡವರ್ರಿ ನೀವು." ನಾನಲ್ಲ ಅಂತ ಒಮ್ಮೆಯೂ ಹೇಳಿಲ್ಲ. ಅವನಿಗೆ ಬರಬೇಕಾದ ನಮಸ್ಕಾರವನ್ನು ನಾನು ಸುಮ್ಮನೆ ಇಸಿದುಕೊಳ್ಳುತ್ತೇನೆ. ಆಗ ಮಾತ್ರ ಹಸಿ ಬೂದಿಯ ವಾಸನೆ ಬರುತ್ತದೆ... ಬೇರೆ ಯಾರಿಗೂ ಬರುವುದಿಲ್ಲವಂತೆ.

ಮನೆಯ ಬಾಗಿಲಿಗೆ ಅಂದಿನಿಂದ ನಾನು ಅಗಳಿ ಹಾಕಿಲ್ಲ. ಹೆಂಡತಿ ದಿನಾ ಜಗಳಾಡುತ್ತಾಳೆ, ಕಳ್ಳರು ಬಂದಾರು ಅಂತ. ಬರಲಿ. ಒಂದು ರಾತ್ರಿ ಅವನು ಬಂದರೆ, ಮುದುಕಿಯನ್ನು ಎಲ್ಲಿ ಮಲಗಿಸಿದ್ದೀ ಅಂತ ಕೇಳಬೇಕು.