ವೋಟಿನ ಪಟ್ಟಿಯಲ್ಲಿ ನನ್ನ ತವರಿನ ಹೆಸರು

ನಮ್ಮಲ್ಲಿ ಮದುವೆಯಾಗಿ ಬಂದ ಹುಡುಗಿಗೆ ಅತ್ತೆಮನೆಯವರು ಬೇರೆ ಹೆಸರಿಡುತ್ತಾರೆ. ಜೇವರ್ಗಿ ಕಡೆಯ ಹಳ್ಳಿಯಿಂದ ನರೋಣಾಕ್ಕೆ ಬಂದ ದಿನವೇ ನಮ್ಮಪ್ಪ ಇಟ್ಟ ಹೆಸರು ಹೋಯಿತು. ಮುಂದೆ ವೋಟಿನ ಪಟ್ಟಿ ಬರೆಯಲು ಮಾಸ್ತರರೊಬ್ಬರು ನಮ್ಮ ಕೇರಿಗೆ ಬಂದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅಪ್ಪ ಇಟ್ಟ ಹೆಸರನ್ನೇ ಹೇಳಿ ಬರೆಸಿಬಿಟ್ಟೆ. ಒಂದು ಕಡೆಯಾದರೂ ಉಳಿಯಲಿ ಅಂತ.

ಆಗ ಕೇರಿಯವರಿಗೆ ವೋಟು ಹಾಕುವುದೇ ಕಷ್ಟವಿತ್ತು. ಮೊದಲ ಸಲ ಹೋದಾಗ ದೊಡ್ಡ ಮನೆಯವನೊಬ್ಬ ಅಡ್ಡ ನಿಂತು, "ನಿಮ್ಮವೆಲ್ಲ ಹಾಕ್ಯಾಗ್ಯಾವ, ಮನಿಗಿ ನಡೀರಿ" ಅಂದ. ತಿರುಗಿ ಬಂದೆವು. ಮುಂದಿನ ಸಲ ಹೆಂಗಸರೆಲ್ಲ ಕೂಡಿ ಹೋಗಿ, ಬಿಸಿಲಲ್ಲೇ ಕುಂತು, ಹಾಕಿಯೇ ಎದ್ದೆವು. ಅಲ್ಲಿಂದ ಒಂದು ಸಲವೂ ತಪ್ಪಿಸಿಲ್ಲ.

ಮೊನ್ನೆ ಮೊಮ್ಮಗಳಿಗೆ ಹದಿನೆಂಟು ತುಂಬಿತು. ಮೊಬೈಲಿನಲ್ಲಿ ಪಟ್ಟಿ ನೋಡುತ್ತ, "ಆಯಿ, ನಂದು ಬಂದದ. ನಿಂದು ಕಾಣವಲ್ದು" ಅಂದಳು. ಟ್ರಂಕಿನ ತಳದಿಂದ ನನ್ನ ವೋಟಿನ ಕಾರ್ಡು ತೆಗೆದುಕೊಟ್ಟೆ. ಓದಿ ನನ್ನ ಮುಖ ನೋಡಿದಳು.

"ಇದ್ಯಾರಬೇ?"

"ನಾನೇ."

ಆ ಹೆಸರೂ ಪಟ್ಟಿಯಲ್ಲಿರಲಿಲ್ಲ. ನಾನು ತೊಗರಿ ಕೊಯ್ಯಲು ಹೋದ ದಿನ ಪಟ್ಟಿ ತಪಾಸಣೆಯವರು ಬಂದು ಆ ಹೆಸರು ಕೇಳಿದ್ದರಂತೆ. ಸೊಸೆ, "ಅಂಥವರು ನಮ್ಮ ಮನ್ಯಾಗ ಯಾರೂ ಇಲ್ರಿ" ಅಂದಿದ್ದಾಳೆ. ಅವರು ಪಟ್ಟಿಯಿಂದ ಹೆಸರು ಹೊಡೆದುಹಾಕಿದ್ದಾರೆ. ಸೊಸೆ ಪಾಪ ಅಳುವುದೊಂದು ಬಾಕಿ. ಅವಳದೇನು ತಪ್ಪು, ಅವಳಿಗೆ ಹೇಳಿದವರು ಯಾರು?

ಆಳಂದದ ಕಚೇರಿಗೆ ಹೋದೆವು. ಅಲ್ಲಿಯವರು ಸಮಾಧಾನದಿಂದಲೇ ಹೇಳಿದರು: "ಆಧಾರ ಕಾರ್ಡಿನಾಗಿನ ಅತ್ತಿಮನಿ ಹೆಸರಿನ ಮ್ಯಾಲ ಅರ್ಜಿ ಕೊಡ್ರಿ, ಲಗೂ ಆಗ್ತದ. ಹಳೀದೇ ಬೇಕಂದ್ರ ಅದು ನಿಮ್ದೇ ಅಂತ ದಾಖಲಾತಿ ತರ್ರಿ. ಅರ್ಜಿಗಿ ನಾಕೇ ದಿನ ಉಳದಾವ."

ಹೋಗಲಿ, ವೋಟು ಸಿಕ್ಕರೆ ಸಾಕು ಅನ್ನಬೇಕೆಂದಿದ್ದೆ. ಮೊಮ್ಮಗಳು ಬಾಯಿ ಹಾಕಿದಳು. "ತರ್ತೇವ್ರಿ."

ಮರುದಿನ ಬಸ್ಸು ಹಿಡಿದು ನನ್ನ ತವರಿನ ಸರ್ಕಾರಿ ಸಾಲಿಗೆ ಹೋದೆವು. ಎರಡು ಇಯತ್ತೆ ಓದಿದ್ದು ಅಲ್ಲೇ, ಅದೂ ಚಪ್ಪಲಿ ಬಿಡುವ ಜಾಗದಲ್ಲಿ ಕುಂತು. ಈಗಿನ ಮುಖ್ಯ ಶಿಕ್ಷಕಿ, ಎಲ್ಲರೂ ದೊಡ್ಡ ಬಾಯಿ ಅನ್ನುವವರು, ತಮ್ಮ ಪಕ್ಕದ ಕುರ್ಚಿ ತೋರಿಸಿ, "ಬರ್ರಿ ಆಯಿ, ಇಲ್ಲಿ ಕುಂದರ್ರಿ" ಅಂದರು. ಹುಳ ತಿಂದ ರಿಜಿಸ್ಟರಿನ ಹಾಳೆ ಹಾಳೆ ತಿರುವಿದರು. ಸಿಕ್ಕಿತು. ನನ್ನ ಹೆಸರು, ಕೆಳಗೆ ಅಪ್ಪನ ಹೆಬ್ಬೆಟ್ಟು. ಎಷ್ಟು ಸಣ್ಣ ಬೆರಳಿತ್ತು ನಮ್ಮಪ್ಪಂದು! ಅದರ ಮೇಲೆ ನನ್ನ ಬೆರಳಿಟ್ಟುಕೊಂಡೇ ಕುಂತುಬಿಟ್ಟೆ. ಬಾಯಿಯವರು ಅವಸರ ಮಾಡಲಿಲ್ಲ.

ಆ ದಾಖಲಾತಿ, ಫೋಟೋ ಇದ್ದ ಹಳೇ ಕಾರ್ಡು, ಎರಡನ್ನೂ ಕಚೇರಿಗೆ ಕೊಟ್ಟೆವು. ಹೆಸರು ತಿರುಗಿ ಬಂತು.

ವೋಟಿನ ದಿನ ನಾವು ಮೂವರು ಒಂದೇ ಸಾಲಿನಲ್ಲಿ ನಿಂತೆವು: ಮೊಮ್ಮಗಳು, ನಾನು, ಹಿಂದೆ ಸೊಸೆ. ನಮ್ಮ ಮುಂದೆ ದೊಡ್ಡ ಮನೆಯ ಸೊಸೆ ಕೂಸು ಎತ್ತಿಕೊಂಡು ನಿಂತಿದ್ದಳು. ಒಳಗೆ ಪಟ್ಟಿ ಹಿಡಿದವರು ಬಂದವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಬೇಕಲ್ಲ, ನನ್ನದನ್ನೂ ಓದಿದರು. ಹಿಂದೆಲ್ಲ ಮನೆಯವರು ಜೋಡಿ ಇರುತ್ತಿರಲಿಲ್ಲ; ಮದುವೆಯಾದ ಮೇಲೆ ಅವರೆದುರು ಆ ಹೆಸರನ್ನು ಯಾರೂ ಹಂಗೆ ಗಟ್ಟಿಯಾಗಿ ಕೂಗಿದ್ದಿಲ್ಲ.

"ಹೌದ್ರಿ," ಅಂದೆ. ಶಾಯಿಗೆ ಬೆರಳು ಮುಂದೆ ಚಾಚಿದೆ.

ಹೊರಗೆ ಬಂದ ಮೇಲೆ ಸೊಸೆ, "ಇಷ್ಟು ಚಂದ ಹೆಸರು ಮುಚ್ಚಿಟ್ಟಿದ್ರೇನ್ರಿ ಅತ್ತಿ?" ಅಂದಳು. ಮೊಮ್ಮಗಳು ಶಾಯಿ ಹಚ್ಚಿದ ಬೆರಳು ಆಡಿಸುತ್ತ, "ಇನ್ನ ಮ್ಯಾಲ ನಿನ್ನ ಅದೇ ಹೆಸರಿಲೆ ಕರೀತೇನಿ" ಅಂದಳು.

"ಕರದು ನೋಡು, ಕಪಾಳಕ್ಕ ಕೊಡ್ತೇನಿ," ಅಂದೆ.

ಅವಳು ಕರೆದಳು. ನಾನು ಓ ಅಂದೆ.